ಮೀಟರ್ ಕೆಂಪಾಗದಿದ್ದರೂ ಧ್ವನಿ ಒಡೆಯುವುದೇಕೆ?

ಪ್ರಶ್ನೆ: ಎರಡು ವರ್ಷಗಳಿಂದ ಗೆಳೆಯರ ಸಂಗೀತ ಕಾರ್ಯಕ್ರಮಗಳನ್ನು ಅಂಗೈಯಗಲದ ರೆಕಾರ್ಡರ್ ಒಂದರಲ್ಲಿ ಧ್ವನಿಮುದ್ರಿಸುತ್ತಿದ್ದೇನೆ. ಡ್ರಮ್, ಎಲೆಕ್ಟ್ರಿಕ್ ಗಿಟಾರ್ ಇರುವ ಅಬ್ಬರದ ಕಾರ್ಯಕ್ರಮಗಳಲ್ಲಿ ಮೀಟರ್ ಎಂದೂ ಕೆಂಪು ಮುಟ್ಟುವುದಿಲ್ಲ; ಆದರೂ ಮನೆಗೆ ಬಂದು ಕೇಳಿದರೆ ಧ್ವನಿ ಒಡೆದಿರುತ್ತದೆ. ಒಬ್ಬರೇ ಹಾಡುವ ಸಣ್ಣ ಸಭೆಗಳಲ್ಲಿ ಇದಕ್ಕೆ ತದ್ವಿರುದ್ಧ: ಹಾಡು ಬಾವಿಯೊಳಗಿಂದ ಬಂದಂತೆ ಕೇಳುತ್ತದೆ, ಹಿಂದೆ ಸದಾ ‘ಸುಯ್’ ಎಂಬ ಸದ್ದು. ಒಮ್ಮೆ ವೇದಿಕೆಯ ಧ್ವನಿಗಳನ್ನೆಲ್ಲ ಬೆರೆಸುವ ಮಿಕ್ಸರ್‌ನಿಂದ ನೇರವಾಗಿ ತಂತಿ ಎಳೆದು ನೋಡಿದೆ, ಅದು ಇನ್ನೂ ಕೆಟ್ಟಿತು. ದುಬಾರಿ ಮೈಕ್ ಕೊಂಡರೆ ಸರಿಹೋದೀತೆ?

ಉತ್ತರ: ಕೊಳ್ಳುವ ಯೋಚನೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನಿಮ್ಮ ವಿವರಣೆಯನ್ನು ನೋಡಿದರೆ ಮೂರು ತೊಂದರೆಗಳಲ್ಲಿ ಒಂದಕ್ಕೂ ಮೈಕಿನ ಬೆಲೆ ಕಾರಣವೆಂದು ನನಗೆ ಅನ್ನಿಸುವುದಿಲ್ಲ. ಮೊದಲನೆಯದರಲ್ಲಿ ನೀವು ತಿರುಗಿಸಿದ ಗುಂಡಿ ಬೇರೆ, ತಿರುಗಿಸಬೇಕಾಗಿದ್ದ ಗುಂಡಿ ಬೇರೆ. ಎರಡನೆಯದರಲ್ಲಿ ರೆಕಾರ್ಡರ್ ಇಟ್ಟ ಜಾಗ ಸರಿಯಿಲ್ಲ. ಮೂರನೆಯದರಲ್ಲಿ ತಂತಿ ಸೇರಿದ್ದು ತನ್ನದಲ್ಲದ ಕಿಂಡಿಗೆ. ಒಂದೊಂದಾಗಿ ನೋಡೋಣ.

ಒಡಕಿನಿಂದ ಶುರುಮಾಡುತ್ತೇನೆ, ಏಕೆಂದರೆ ಮುಂದೆ ಸರಿಪಡಿಸಲಾಗದ ದೋಷ ಅದೊಂದೇ. ರೆಕಾರ್ಡರ್‌ನೊಳಗೆ ಧ್ವನಿ ಸಾಗುವ ದಾರಿಯನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿ. ಮೈಕಿನ ಪೊರೆ ಅಲುಗುತ್ತದೆ. ಮೈಕಿನೊಳಗಿನ ಸಣ್ಣ ಸರ್ಕ್ಯೂಟ್ ಆ ಅಲುಗಾಟವನ್ನು ವಿದ್ಯುತ್ತಾಗಿಸುತ್ತದೆ. ಪ್ರಿಆಂಪ್ ಅದನ್ನು ಹಿಗ್ಗಿಸುತ್ತದೆ. ಆಮೇಲೆ ಅದು ಅಂಕಿಗಳಾಗಿ ಕಾರ್ಡ್ ಸೇರುತ್ತದೆ. ಮೀಟರ್ ತೋರಿಸುವುದು ಈ ದಾರಿಯ ಕೊನೆಯ ಮೆಟ್ಟಿಲನ್ನು ಮಾತ್ರ. ಎಷ್ಟೋ ಪುಟ್ಟ ರೆಕಾರ್ಡರ್‌ಗಳಲ್ಲಿ ಲೆವೆಲ್ ಗುಂಡಿ ಇರುವುದು ಪ್ರಿಆಂಪ್ ಆದಮೇಲೆ. ಡ್ರಮ್ಮಿನ ಏಟು ಪ್ರಿಆಂಪ್‌ನಲ್ಲಿಯೇ ಒಡೆದುಹೋಗಿದ್ದರೆ, ಲೆವೆಲ್ ತಗ್ಗಿಸಿದಾಗ ನಿಮಗೆ ದೊರೆಯುವುದು ಒಡೆದದ್ದೇ, ಆದರೆ ಸಣ್ಣ ದನಿಯಲ್ಲಿ. ಊರು ಕೊಳ್ಳೆ ಹೋದಮೇಲೆ ಕೋಟೆಯ ಬಾಗಿಲು ಹಾಕಿದ ಹಾಗೆ. ಮೀಟರ್ ಹಸಿರಾಗಿಯೇ ಇರುತ್ತದೆ, ಕಡತದಲ್ಲಿ ಮಾತ್ರ ಕರಕರ.

ಇದು ನಿಮ್ಮಲ್ಲೂ ಆಗಿದೆಯೇ ಎಂದು ತಿಳಿಯುವುದು ಸುಲಭ. ಹಳೆಯ ಕಡತವೊಂದನ್ನು ಧ್ವನಿ ಸಂಪಾದನೆಯ ಯಾವುದಾದರೂ ತಂತ್ರಾಂಶದಲ್ಲಿ ತೆರೆದು, ಒಡೆದ ಜಾಗದ ಅಲೆಯನ್ನು ಹಿಗ್ಗಿಸಿ ನೋಡಿ. ಅಲೆಯ ನೆತ್ತಿ ದುಂಡಗಿರದೆ ಕತ್ತಿಯಿಂದ ಸವರಿದಂತೆ ಚಪ್ಪಟೆಯಾಗಿದ್ದು, ಆ ಚಪ್ಪಟೆ ಗೆರೆ ಮೀಟರಿನ ಗರಿಷ್ಠ ಮಟ್ಟವಾದ ಸೊನ್ನೆ ಡೆಸಿಬೆಲ್‌ನಲ್ಲಿರದೆ ಅದಕ್ಕಿಂತ 8 ಅಥವಾ 10 ಡೆಸಿಬೆಲ್ ಕೆಳಗಿದ್ದರೆ ಅನುಮಾನವೇ ಬೇಡ: ಒಡಕು ಲೆವೆಲ್ ಗುಂಡಿಗಿಂತ ಮೊದಲೇ ಆಗಿದೆ.

ಪರಿಹಾರವೂ ಗುಂಡಿಗಿಂತ ಮೊದಲೇ ಆಗಬೇಕು. ನಿಮ್ಮ ಯಂತ್ರದ ಬೆನ್ನ ಮೇಲೋ ಮೆನುವಿನೊಳಗೋ ಮೈಕಿನ ಸಂವೇದನೆಯನ್ನು ‘ಲೋ’ ಮತ್ತು ‘ಹೈ’ ನಡುವೆ ಬದಲಿಸುವ ಆಯ್ಕೆ ಇದೆಯೇ ನೋಡಿ. ಅಬ್ಬರದ ಕಾರ್ಯಕ್ರಮಕ್ಕೆ ಅದು ‘ಲೋ’ದಲ್ಲಿರಬೇಕು, ಆಮೇಲೆ ಲೆವೆಲ್ ಗುಂಡಿಯನ್ನು ಬೇಕಾದಷ್ಟು ಏರಿಸಿಕೊಳ್ಳಿ. ಲೆವೆಲ್ ಗುಂಡಿಯನ್ನು ಹೆಚ್ಚುಕಡಿಮೆ ತಳಕ್ಕೆ ಇಳಿಸಿದರೆ ಮಾತ್ರ ಮೀಟರ್ ಹದಕ್ಕೆ ಬರುತ್ತದೆ ಎಂದಾದರೆ ಅದೇ ಎಚ್ಚರಿಕೆಯ ಗಂಟೆ: ಒಳಗೆ ಬರುತ್ತಿರುವುದು ಪ್ರಿಆಂಪ್ ತಡೆಯುವುದಕ್ಕಿಂತ ಜಾಸ್ತಿ.

ಹೊರಗಿನಿಂದ ಜೋಡಿಸುವ ಬೆರಳುದ್ದದ ಮೈಕ್‌ಗಳದ್ದು ಇನ್ನೊಂದು ಕತೆ. 3.5 ಮಿಲಿಮೀಟರ್ ಕಿಂಡಿಯಿಂದ ಅವುಗಳಿಗೆ ಸಿಗುವ ವಿದ್ಯುತ್ತು ಎರಡರಿಂದ ಐದು ವೋಲ್ಟಿನ ಆಸುಪಾಸು. ಅಷ್ಟು ಕಡಿಮೆ ವೋಲ್ಟೇಜಿನಲ್ಲಿ ಜೋರು ಧ್ವನಿ ಬಂದರೆ ಮೈಕಿನೊಳಗಿನ ಸರ್ಕ್ಯೂಟೇ ಕೈಚೆಲ್ಲುತ್ತದೆ. ಹೀಗಾಗಿ ಅಬ್ಬರದ ಸಂಗೀತ ಮುದ್ರಿಸುವವರು ಮೈಕ್ ಮತ್ತು ರೆಕಾರ್ಡರ್ ನಡುವೆ 9 ವೋಲ್ಟ್ ಬ್ಯಾಟರಿಯ ಪುಟ್ಟ ಪೆಟ್ಟಿಗೆಯೊಂದನ್ನು ಹಾಕಿ, ಅದನ್ನು ಮೈಕ್ ಕಿಂಡಿಗಲ್ಲದೆ, ಹೆಚ್ಚಿನ ಮಟ್ಟದ ಧ್ವನಿಗೆಂದಿರುವ ಲೈನ್ ಕಿಂಡಿಗೆ ಜೋಡಿಸುತ್ತಾರೆ. ಆಗ ಪ್ರಿಆಂಪ್‌ನ ತಾಪತ್ರಯವೂ ಬಹುಮಟ್ಟಿಗೆ ತಪ್ಪುತ್ತದೆ. ದೊಡ್ಡ ಕಂಡೆನ್ಸರ್ ಮೈಕ್‌ಗಳಿಗೆ ಮೈಕಿನ ತಂತಿಯಲ್ಲೇ ಹರಿದುಬರುವ 48 ವೋಲ್ಟ್ ‘ಫ್ಯಾಂಟಮ್’ ವಿದ್ಯುತ್ತು ಸಿಗುವುದರಿಂದ ಅವು ಇಂಥ ಪೆಟ್ಟಿಗೆಯಿಲ್ಲದೆಯೇ ಹೆಚ್ಚು ತಾಳುತ್ತವೆ.

ಈಚೆಗೆ 32 ಬಿಟ್ ಫ್ಲೋಟ್ ರೆಕಾರ್ಡರ್‌ಗಳು ಬಂದಿವೆ (ಧ್ವನಿಯ ಪ್ರತಿ ಅಂಕಿಯನ್ನು ಎಷ್ಟು ವಿಸ್ತಾರವಾಗಿ ಬರೆದಿಡುತ್ತದೆ ಎಂಬುದರ ಅಳತೆ ‘ಬಿಟ್’). ಲೆವೆಲ್ ಹೊಂದಿಸುವ ಗೋಜೇ ಇಲ್ಲ ಎಂದು ಅವುಗಳ ಬಗ್ಗೆ ನೀವು ಕೇಳಿರಬಹುದು. ಮಾತು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಆ ಕಡತ 1500 ಡೆಸಿಬೆಲ್‌ಗೂ ಮೀರಿದ ವ್ಯಾಪ್ತಿಯನ್ನು ಹಿಡಿಯಬಲ್ಲದು, ಹಾಗಾಗಿ ಕಡತ ಒಡೆಯುವುದಿಲ್ಲ. ಇಂಥ ಯಂತ್ರಗಳಲ್ಲಿ ಹೆಚ್ಚಿನವು ಒಂದೇ ಧ್ವನಿಯನ್ನು ಹೆಚ್ಚು ಹಿಗ್ಗಿಸಿ ಒಮ್ಮೆ, ಕಡಿಮೆ ಹಿಗ್ಗಿಸಿ ಒಮ್ಮೆ ಅಂಕಿಗಳಾಗಿಸಿ, ಎರಡನ್ನೂ ಹೊಲಿದು ಒಂದಾಗಿಸುತ್ತವೆ. ಮೈಕಿನ ಪೊರೆಗೂ ಅದರ ಬೆನ್ನಿಗಿರುವ ಸರ್ಕ್ಯೂಟಿಗೂ ಮಿತಿ ಮೊದಲಿನಂತೆಯೇ ಇದೆ. ಮೈಕಿನಲ್ಲಿ ಒಡೆದ ಧ್ವನಿಯನ್ನು 32 ಬಿಟ್ ಕಡತ ಅತ್ಯಂತ ನಿಖರವಾಗಿ ಒಡೆದಂತೆಯೇ ಕಾಪಾಡಿಕೊಡುತ್ತದೆ.

ಲೆವೆಲ್ ಎಷ್ಟಿರಬೇಕು? ನನ್ನ ಅಭ್ಯಾಸ ಹೇಳುತ್ತೇನೆ. ಕಡತ 24 ಬಿಟ್ ಇರಲಿ. 16 ಬಿಟ್‌ನ ಲೆಕ್ಕದ ವ್ಯಾಪ್ತಿ 96 ಡೆಸಿಬೆಲ್, 24 ಬಿಟ್‌ನದು 144. ಸಭಾಂಗಣದ ಗದ್ದಲವಾಗಲಿ ಮೈಕಿನ ಸ್ವಂತ ಸದ್ದಾಗಲಿ ಈ ವ್ಯಾಪ್ತಿಯ ತಳಕ್ಕಿಂತ ಬಹಳ ಮೇಲಿರುತ್ತದೆ. ಆದ್ದರಿಂದ ಮೇಲೆ ಧಾರಾಳವಾಗಿ ಜಾಗ ಬಿಟ್ಟರೆ ಕಳೆದುಕೊಳ್ಳುವುದು ಏನೂ ಇಲ್ಲ. ಮೀಟರನ್ನು ಕೆಂಪಿನ ಅಂಚಿನಲ್ಲಿ ಕುಣಿಸಬೇಕೆಂಬುದು ಟೇಪಿನ ಕಾಲದ ರೂಢಿ. ಟೇಪಿನ ಸುಯ್ ಸದ್ದನ್ನು ಮುಚ್ಚಲು ಆಗ ಅದು ಬೇಕಿತ್ತು. ಈಗ ಬೇಕಿಲ್ಲ. ಕಾರ್ಯಕ್ರಮದ ಅತಿ ಜೋರಾದ ಕ್ಷಣ ಸೊನ್ನೆಗಿಂತ 6ರಿಂದ 12 ಡೆಸಿಬೆಲ್ ಕೆಳಗೆ ನಿಲ್ಲಬೇಕು. ಆದರೆ ನೀವು ಲೆವೆಲ್ ಹೊಂದಿಸುವುದು ಕಾರ್ಯಕ್ರಮಕ್ಕೆ ಮುಂಚಿನ ತಾಲೀಮಿನಲ್ಲಿ, ಮತ್ತು ತಾಲೀಮಿನಲ್ಲಿ ಯಾರೂ ಪೂರ್ತಿ ಶಕ್ತಿಯಿಂದ ನುಡಿಸುವುದಿಲ್ಲ. ಎದುರಿಗೆ ಜನ ತುಂಬಿ ಮೊದಲ ಚಪ್ಪಾಳೆ ಬಿದ್ದೊಡನೆ ಎಲ್ಲರ ಕೈಯೂ ಗಂಟಲೂ ಬಿಚ್ಚಿಕೊಳ್ಳುತ್ತವೆ. ಹಾಗಾಗಿ ತಾಲೀಮಿನ ಜೋರು ಜಾಗಗಳನ್ನು ಸೊನ್ನೆಗಿಂತ ಸುಮಾರು 18 ಡೆಸಿಬೆಲ್ ಕೆಳಗೆ ನಿಲ್ಲಿಸಿ, ಆಮೇಲೆ ಗುಂಡಿಯನ್ನು ಮುಟ್ಟಬೇಡಿ. ಹಾಡಿನ ನಡುವೆ ತಿರುಗಿಸಿದ ಗುಂಡಿ ಕೇಳುಗನಿಗೆ ಗೊತ್ತಾಗಿಯೇ ಆಗುತ್ತದೆ.

ತಾನಾಗಿ ಲೆವೆಲ್ ಹೊಂದಿಸಿಕೊಳ್ಳುವ ‘ಆಟೊ’ ಸೌಲಭ್ಯವನ್ನು ಸಂಗೀತಕ್ಕೆ ಎಂದೂ ಬಳಸಬೇಡಿ. ಗಾಯಕಿ ದನಿ ತಗ್ಗಿಸಿದಾಗ ಅದು ಲೆವೆಲ್ ಏರಿಸುತ್ತದೆ, ಅವಳ ಪಿಸುಮಾತಿನ ಜೊತೆಗೆ ಕುರ್ಚಿಗಳ ಕಿರುಗುಟ್ಟುವಿಕೆಯೂ ಮೇಲೇಳುತ್ತದೆ. ಅವಳು ದನಿ ಏರಿಸಿದಾಗ ಹಿಂಡಿ ಕೆಳಗಿಳಿಸುತ್ತದೆ. ಏರಿಳಿತಕ್ಕಾಗಿ ಆಕೆ ವರ್ಷಗಟ್ಟಲೆ ಮಾಡಿದ ಸಾಧನೆಯನ್ನು ಯಂತ್ರ ಒಂದೇ ಮಟ್ಟಕ್ಕೆ ಸಪಾಟು ಮಾಡುವುದನ್ನು ಕೇಳಿದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಕೆಲವು ರೆಕಾರ್ಡರ್‌ಗಳು ಅದೇ ಧ್ವನಿಯ ಇನ್ನೊಂದು ಪ್ರತಿಯನ್ನು 10ರಿಂದ 12 ಡೆಸಿಬೆಲ್ ತಗ್ಗಿಸಿ ಪಕ್ಕದಲ್ಲೇ ಉಳಿಸುತ್ತವೆ. ಆ ಸೌಲಭ್ಯ ಇದ್ದರೆ ಸದಾ ಚಾಲೂ ಇಡಿ.

ಇನ್ನು ಬಾವಿಯೊಳಗಿನ ಹಾಡು. ಸಭೆಯಲ್ಲಿ ಕುಳಿತಾಗ ನಿಮ್ಮ ಕಿವಿಗೆ ಸ್ಪಷ್ಟವಾಗಿ ಕೇಳಿದ್ದು ರೆಕಾರ್ಡಿಂಗಿನಲ್ಲಿ ಏಕೆ ಮಸುಕಾಯಿತು ಎಂಬುದು ನಿಮ್ಮನ್ನು ಕಾಡಿರಬೇಕು. ನಮ್ಮ ಎರಡು ಕಿವಿಗಳೂ ಮಿದುಳೂ ಸೇರಿ, ಯಾವ ದಿಕ್ಕಿನಿಂದ ಯಾವುದು ಬಂತೆಂದು ಲೆಕ್ಕ ಹಾಕಿ, ಗೋಡೆಗಳಿಂದ ಮರಳಿ ಬಂದ ಧ್ವನಿಯನ್ನು ಹಿಂದಕ್ಕೆ ಸರಿಸುತ್ತವೆ. ಮೈಕಿಗೆ ಆ ವಿವೇಚನೆ ಇಲ್ಲ. ಅದರ ಪಾಲಿಗೆ ಗಾಯಕಿಯ ಗಂಟಲಿನಿಂದ ನೇರ ಬಂದದ್ದೂ ಒಂದೇ, ಛಾವಣಿಗೆ ಬಡಿದು ಬಂದದ್ದೂ ಒಂದೇ. ಇದನ್ನು ಅಲ್ಲೇ ಪರೀಕ್ಷಿಸಬಹುದು. ರೆಕಾರ್ಡರ್ ಇಡಬೇಕೆಂದಿರುವ ಜಾಗದಲ್ಲಿ ನಿಂತು, ಒಂದು ಕಿವಿಯನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿ, ಇನ್ನೊಂದನ್ನು ವೇದಿಕೆಯ ಕಡೆಗೆ ತಿರುಗಿಸಿ ಒಂದು ನಿಮಿಷ ಕೇಳಿ. ಆಗ ಕೇಳುವ ಮಸುಕು ಹೆಚ್ಚುಕಡಿಮೆ ನಿಮ್ಮ ರೆಕಾರ್ಡಿಂಗಿನ ಮಸುಕೇ. ಹಾಗೆಯೇ ಕಿವಿ ಮುಚ್ಚಿಕೊಂಡು ವೇದಿಕೆಯತ್ತ ನಡೆಯಿರಿ. ಒಂದು ಜಾಗದಲ್ಲಿ ಪದಗಳು ಫಕ್ಕನೆ ಬಿಡಿಬಿಡಿಯಾಗಿ ಕೇಳತೊಡಗುತ್ತವೆ. ಮೈಕ್ ನಿಲ್ಲಬೇಕಾದದ್ದು ಅಲ್ಲಿ.

ಅದು ಎಷ್ಟು ಹತ್ತಿರ ಎಂಬುದಕ್ಕೆ ಒಂದು ಲೆಕ್ಕವಿದೆ. ನೇರ ಧ್ವನಿ ದೂರ ಇಮ್ಮಡಿಯಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ. ಗೋಡೆಗಳಿಂದ ಮರಳುವ ಮಾರ್ದನಿ ಮಾತ್ರ ಕೋಣೆಯ ತುಂಬ ಸರಿಸುಮಾರು ಒಂದೇ ಮಟ್ಟದಲ್ಲಿರುತ್ತದೆ. ಎರಡೂ ಸಮವಾಗುವ ದೂರವನ್ನು ತಿಳಿಯಲು, ಕೋಣೆಯ ಘನ ಅಳತೆಯನ್ನು ಮಾರ್ದನಿ ಅಡಗಲು ಹಿಡಿಯುವ ಸೆಕೆಂಡುಗಳಿಂದ ಭಾಗಿಸಿ, ವರ್ಗಮೂಲ ತೆಗೆದು, 0.057ರಿಂದ ಗುಣಿಸಬೇಕು. 1500 ಘನ ಮೀಟರಿನ ಸಭಾಂಗಣ, ಮಾರ್ದನಿ ಒಂದೂವರೆ ಸೆಕೆಂಡ್ ಎಂದುಕೊಳ್ಳಿ: ಉತ್ತರ 1.8 ಮೀಟರ್! ಇದು ಎಲ್ಲ ದಿಕ್ಕಿಗೂ ಸಮನಾಗಿ ಧ್ವನಿ ಸೂಸುವ ಮೂಲಕ್ಕೆ ಮತ್ತು ಎಲ್ಲ ದಿಕ್ಕಿನಿಂದಲೂ ಕೇಳುವ ಓಮ್ನಿ ಮೈಕಿಗೆ ಅನ್ವಯಿಸುವ ಅಂಕಿ. ಮುಂದಿನದನ್ನು ಹೆಚ್ಚು, ಹಿಂದಿನದನ್ನು ಕಡಿಮೆ ಕೇಳುವ ಕಾರ್ಡಿಯಾಯ್ಡ್ ಮೈಕ್ ಆದರೆ ಇದರ 1.7 ಪಟ್ಟು, ಅಂದರೆ ಮೂರು ಮೀಟರ್ ಹೋಗಬಹುದು. ಹಾಡುವವರು ಮುಂದಕ್ಕೆ ಮುಖ ಮಾಡಿ ಹಾಡುವುದರಿಂದ ಇನ್ನಷ್ಟು ಸಡಿಲ ಸಿಗುತ್ತದೆ. ಹೀಗಿದ್ದರೂ ಎಂಟನೆಯ ಸಾಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡ ರೆಕಾರ್ಡರ್ ಈ ಗೆರೆಯ ಬಹಳ ಆಚೆಗಿರುತ್ತದೆ.

ಸುಯ್ ಸದ್ದಿಗೂ ಮದ್ದು ಇದೇ. ಆರು ಮೀಟರ್ ದೂರದಿಂದ ಒಂದೂವರೆ ಮೀಟರಿಗೆ ಬಂದರೆ ಹಾಡು 12 ಡೆಸಿಬೆಲ್ ಏರುತ್ತದೆ. ಮೈಕಿನ ಸ್ವಂತ ಸದ್ದು ಇದ್ದಲ್ಲೇ ಇರುತ್ತದೆ. ದುಬಾರಿ ಮೈಕ್ ಕೊಂಡರೂ ಸದ್ದಿನಲ್ಲಿ 12 ಡೆಸಿಬೆಲ್ ಲಾಭ ಸಿಗುವುದು ಅಪರೂಪ. ಸ್ಟ್ಯಾಂಡನ್ನು ನಾಲ್ಕು ಹೆಜ್ಜೆ ಮುಂದಿಡಲು ಯಾರ ಅನುಮತಿ ಬೇಕೋ ಕೇಳಿ ಪಡೆಯಿರಿ. ನಿಮ್ಮ ಹಣವೆಲ್ಲ ಸೇರಿ ಮಾಡಲಾಗದ್ದನ್ನು ಆ ನಾಲ್ಕು ಹೆಜ್ಜೆ ಮಾಡುತ್ತವೆ. ಸಂವೇದನೆಯ ಗುಂಡಿ ಇಂಥ ಮೆಲುದನಿಯ ಸಭೆಗೆ ‘ಹೈ’ನಲ್ಲಿರಲಿ. ಸಾಧ್ಯವಾದರೆ ಫ್ಯಾನ್, ಏಸಿಗಳನ್ನು ನಿಲ್ಲಿಸಲು ಹೇಳಿ. ಎಷ್ಟೋ ಸಲ ನಾವು ಮೈಕಿನದೆಂದು ದೂರುವ ಸದ್ದು ಗಾಳಿಕಿಂಡಿಯದ್ದಾಗಿರುತ್ತದೆ.

ಧ್ವನಿವರ್ಧಕಗಳಿರುವ ಕಾರ್ಯಕ್ರಮದಲ್ಲಿ ‘ಹತ್ತಿರ’ ಎಂಬುದರ ಅರ್ಥ ಬದಲಾಗುತ್ತದೆ. ವೇದಿಕೆಗೆ ಆತುಕೊಂಡು ನಿಂತರೆ ಡ್ರಮ್ಮೂ ಗಿಟಾರಿನ ಆಂಪ್ಲಿಫೈಯರೂ ಕಿವಿಗೆ ಅಪ್ಪಳಿಸುತ್ತವೆ, ಆದರೆ ಗಾಯಕನ ದನಿ ಧ್ವನಿವರ್ಧಕಗಳಿಂದ ನಿಮ್ಮ ತಲೆಯ ಮೇಲೆ ಹಾದು ಹಿಂದಿನ ಸಾಲುಗಳಿಗೆ ಹೋಗುತ್ತದೆ. ರೆಕಾರ್ಡಿಂಗಿನಲ್ಲಿ ಹಾಡೇ ಇರುವುದಿಲ್ಲ. ಎರಡು ಧ್ವನಿವರ್ಧಕಗಳ ನಡುವಿನ ಅಂತರವೆಷ್ಟೋ ಸುಮಾರು ಅಷ್ಟೇ ದೂರ ಹಿಂದೆ ಸರಿದು, ನಡುಗೆರೆಯ ಮೇಲೆ ನಿಲ್ಲಿ. ಮೈಕನ್ನು ಸ್ಟ್ಯಾಂಡಿನಲ್ಲಿ ಎರಡೂವರೆ, ಮೂರು ಮೀಟರ್ ಎತ್ತರಕ್ಕೆ ಏರಿಸಿದರೆ ಪ್ರೇಕ್ಷಕರ ಮಾತು, ಕೆಮ್ಮು ಕೆಳಗೆ ಉಳಿಯುತ್ತವೆ. ಅಷ್ಟೆತ್ತರದ ಸ್ಟ್ಯಾಂಡಿಗೆ ಕಾಲಬುಡದಲ್ಲಿ ಭಾರ ಕಟ್ಟುವುದನ್ನು ಮರೆಯಬೇಡಿ. ಹಿಂಗೋಡೆಗೆ ಒರಗಿಸಬೇಡಿ, ಅಲ್ಲಿ ಮಂದ್ರ ಊದಿಕೊಳ್ಳುತ್ತದೆ. ಬಾಲ್ಕನಿಯ ಕೆಳಗೂ ಬೇಡ.

ಅಮೆರಿಕದ ಗ್ರೇಟ್‌ಫುಲ್ ಡೆಡ್ ತಂಡ 1984ರಲ್ಲಿ ತನ್ನ ಕಾರ್ಯಕ್ರಮಗಳಲ್ಲಿ ಧ್ವನಿಮುದ್ರಿಸುವ ಅಭಿಮಾನಿಗಳಿಗೆಂದೇ ಮಿಕ್ಸರ್‌ನ ಹಿಂದೆ ಪ್ರತ್ಯೇಕ ಜಾಗ ಮೀಸಲಿಟ್ಟಿತು. ಉದ್ದುದ್ದ ಸ್ಟ್ಯಾಂಡುಗಳ ಮೇಲೆ ಮೈಕ್‌ಗಳ ಕಾಡೇ ಅಲ್ಲಿ ಎದ್ದು ನಿಲ್ಲುತ್ತಿತ್ತು. ಮಿಕ್ಸರ್ ಮುಂದೆ ಕುಳಿತವರು ತಮ್ಮ ಕಿವಿಗೆ ಬಿದ್ದುದನ್ನೇ ನೋಡಿ ಧ್ವನಿ ಹದಗೊಳಿಸುವುದರಿಂದ, ಸಭಾಂಗಣದಲ್ಲಿ ಸಮತೋಲ ಚೆನ್ನಾಗಿರುವ ಜಾಗಗಳಲ್ಲಿ ಅವರ ಆಸುಪಾಸೂ ಒಂದು. ಮಾರ್ದನಿ ತೀರ ಹೆಚ್ಚಿರುವ ಕಟ್ಟಡವಾದರೆ ಅವರಿಗಿಂತ ಮುಂದಕ್ಕೆ ಹೋಗಿ.

ಸ್ಟಿರಿಯೊ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ನಿಮ್ಮ ರೆಕಾರ್ಡರ್‌ನ ಎರಡು ಮೈಕ್‌ಗಳು ಒಂದರ ಪಕ್ಕ ಒಂದು 90 ಡಿಗ್ರಿ ಕೋನದಲ್ಲಿ ಅಡ್ಡಹಾಯುವಂತಿದ್ದರೆ, ಒಂದೇ ಬಿಂದುವಿನಿಂದ ಎರಡು ದಿಕ್ಕಿಗೆ ಕೇಳುವ ಆ ಉಪಾಯವನ್ನು ಬ್ರಿಟನ್ನಿನ ಅಲನ್ ಬ್ಲಮ್‌ಲೈನ್ 1931ರ ತಮ್ಮ ಸ್ಟಿರಿಯೊ ಪೇಟೆಂಟ್ ಅರ್ಜಿಯಲ್ಲೇ ವಿವರಿಸಿದ್ದರು. ಮೊಬೈಲಿನ ಒಂದೇ ಸ್ಪೀಕರಿನಲ್ಲಿ ಕೇಳಿದರೂ ಅದು ಕೆಡುವುದಿಲ್ಲ. ಮುಂದೆ ಎರಡು ಬಿಡಿ ಮೈಕ್ ಕೊಂಡರೆ ಫ್ರಾನ್ಸಿನ ಪ್ರಸಾರ ಸಂಸ್ಥೆಯ ಪದ್ಧತಿಯನ್ನು ಮಾಡಿ ನೋಡಿ: ನಡುವೆ 17 ಸೆಂಟಿಮೀಟರ್, ಕೋನ 110 ಡಿಗ್ರಿ. ಜಾಗದ ಅಗಲ ಇನ್ನೂ ಸಹಜವಾಗಿ ಕೇಳುತ್ತದೆ.

ಮಿಕ್ಸರ್‌ನ ತಂತಿ ಕೆಟ್ಟದ್ದೇಕೆಂದರೆ, ಬಹುತೇಕ ಖಂಡಿತವಾಗಿ ನೀವು ಅದನ್ನು ಮೈಕ್ ಕಿಂಡಿಗೆ ಚುಚ್ಚಿದ್ದೀರಿ. ಮೈಕಿನಿಂದ ಬರುವುದು ಕೆಲವೇ ಮಿಲಿವೋಲ್ಟ್. ದೊಡ್ಡ ಮಿಕ್ಸರ್ ಹೊರಗೆ ಕೊಡುವ ವಾಡಿಕೆಯ ಮಟ್ಟ 1.23 ವೋಲ್ಟ್, ಜೋರು ಕ್ಷಣಗಳಲ್ಲಿ ಅದರ ಹಲವು ಪಟ್ಟು. ಲೋಟ ಹಿಡಿಯಬೇಕಾದಲ್ಲಿ ತೂಬು ತೆರೆದಂತಾಯಿತು. ರೆಕಾರ್ಡರ್‌ನಲ್ಲಿ ‘ಲೈನ್’ ಎಂಬ ಕಿಂಡಿಯೋ ಆಯ್ಕೆಯೋ ಇದ್ದರೆ ಅದನ್ನೇ ಬಳಸಿ, ಇಲ್ಲದಿದ್ದರೆ ನಡುವೆ ಮಟ್ಟ ತಗ್ಗಿಸುವ ಅಟೆನ್ಯುಯೇಟರ್ ತಂತಿ ಹಾಕಿ. ಫ್ಯಾಂಟಮ್ ವಿದ್ಯುತ್ತು ಆರಿಸಿರಲಿ. ರೆಕಾರ್ಡರ್ ಬ್ಯಾಟರಿಯಲ್ಲಿ ಓಡಲಿ. ಗೋಡೆಯ ವಿದ್ಯುತ್ತಿಗೆ ಸಿಕ್ಕಿಸಿದರೆ ಮಿಕ್ಸರ್‌ನ ಅರ್ತಿಂಗಿಗೂ ನಿಮ್ಮ ರೆಕಾರ್ಡರ್‌ನ ಅರ್ತಿಂಗಿಗೂ ನಡುವೆ ವಿದ್ಯುತ್ತಿನ ಸುತ್ತು ಏರ್ಪಟ್ಟು ‘ಗುಂಯ್’ ಎಂಬ ಸದ್ದು ಸೇರಿಕೊಳ್ಳುತ್ತದೆ. ತಂತಿಯನ್ನು ಕೇಳದೆ ಸಿಕ್ಕಿಸಬೇಡಿ. ಕಾರ್ಯಕ್ರಮಕ್ಕೆ ಒಂದೆರಡು ಗಂಟೆ ಮೊದಲೇ ಹೋಗಿ, ಮಿಕ್ಸರ್ ನೋಡಿಕೊಳ್ಳುವವರಲ್ಲಿ ಬಳಸದೆ ಉಳಿದ ಆಕ್ಸ್ ಔಟ್‌ಪುಟ್ (ಧ್ವನಿಯನ್ನು ಬೇರೆಯಾಗಿ ಹೊರಗೆ ಕೊಡುವ ಹೆಚ್ಚುವರಿ ಕಿಂಡಿ) ಇದೆಯೇ ಎಂದು ಕೇಳಿ.

ತಂತಿ ಸರಿಹೋದಮೇಲೂ ನಿಮಗೆ ನಿರಾಸೆಯಾಗಬಹುದು, ಅದನ್ನೂ ಈಗಲೇ ಹೇಳಿಬಿಡುತ್ತೇನೆ. ಮಿಕ್ಸರ್‌ಗೆ ಹೋಗುವುದು ಸಭಾಂಗಣಕ್ಕೆ ಸಾಲದೆ ಬಿದ್ದದ್ದು ಮಾತ್ರ. ಸಣ್ಣ ಸಭಾಂಗಣದಲ್ಲಿ ಡ್ರಮ್ ತನ್ನಷ್ಟಕ್ಕೇ ಕೇಳುವುದರಿಂದ ಅದನ್ನು ಮಿಕ್ಸರ್‌ನಲ್ಲಿ ಏರಿಸಿರುವುದೇ ಇಲ್ಲ. ಕಡತದಲ್ಲಿ ಗಾಯಕ ಕಿವಿಯೊಳಗೆ ಬಾಯಿಟ್ಟಂತೆ ಇರುತ್ತಾನೆ, ಡ್ರಮ್ ಪಕ್ಕದ ಮನೆಯಲ್ಲಿರುತ್ತದೆ, ಚಪ್ಪಾಳೆ ಇರುವುದೇ ಇಲ್ಲ. ಆದ್ದರಿಂದ ತಂತಿಯ ಧ್ವನಿಯನ್ನೂ ಸಭಾಂಗಣದ ಮೈಕಿನ ಧ್ವನಿಯನ್ನೂ ಬೇರೆಬೇರೆ ಮುದ್ರಿಸಿ, ಮನೆಯಲ್ಲಿ ಬೆರೆಸಬೇಕು. ನಾಲ್ಕು ಟ್ರ್ಯಾಕ್‌ನ ರೆಕಾರ್ಡರ್ ಇದ್ದರೆ ಕೆಲಸ ಹಗುರ. ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ 15 ಮೀಟರ್ ದೂರದ ಮೈಕಿಗೆ ಅದು 44 ಮಿಲಿಸೆಕೆಂಡ್ ತಡವಾಗಿ ತಲುಪಿರುತ್ತದೆ. ತಂತಿಯ ಧ್ವನಿಯನ್ನೂ ಅಷ್ಟೇ ತಡವಾಗಿ ಶುರುವಾಗುವಂತೆ ಸರಿಸಿದರೆ ಎರಡೂ ಕೂಡಿಕೊಳ್ಳುತ್ತವೆ. ಎರಡು ಬೇರೆ ರೆಕಾರ್ಡರ್ ಬಳಸಿದರೆ ಇನ್ನೊಂದು ತೊಡಕು: ಅವುಗಳ ಗಡಿಯಾರಗಳು ಒಂದೇ ವೇಗದಲ್ಲಿ ಓಡುವುದಿಲ್ಲ. ದಶಲಕ್ಷದಲ್ಲಿ 20 ಭಾಗದಷ್ಟು ವ್ಯತ್ಯಾಸವಿದ್ದರೂ ಗಂಟೆಗೆ 72 ಮಿಲಿಸೆಕೆಂಡ್ ದೂರವಾಗುತ್ತವೆ. ಆರಂಭದಲ್ಲೊಮ್ಮೆ, ಕೊನೆಯಲ್ಲೊಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ ಗುರುತು ಬಿಟ್ಟುಕೊಂಡರೆ, ಒಂದನ್ನು ಚೂರು ಹಿಗ್ಗಿಸಿಯೋ ಕುಗ್ಗಿಸಿಯೋ ಜೋಡಿಸಬಹುದು.

ಸಣ್ಣ ಸಂಗತಿಗಳು ಕೆಲವಿವೆ. ರೆಕಾರ್ಡರನ್ನು ಕೈಯಲ್ಲಿ ಹಿಡಿಯಬೇಡಿ, ಬೆರಳಿನ ಒಂದು ಜರುಗುವಿಕೆಯೂ ಗುಡುಗಾಗಿ ದಾಖಲಾಗುತ್ತದೆ. ಮರದ ನೆಲದ ಮೇಲೆ ಸ್ಟ್ಯಾಂಡಿನ ಕಾಲುಗಳಡಿ ದಪ್ಪ ಬಟ್ಟೆ ಮಡಿಸಿ ಹಾಕಿ, ಇಲ್ಲದಿದ್ದರೆ ಹೆಜ್ಜೆ ಸಪ್ಪಳ ಕಾಲಿನಿಂದ ಮೇಲೇರಿ ಬರುತ್ತದೆ. ಸಂಗೀತದಲ್ಲಿ ಆಳವಾದ ಮಂದ್ರ ಇಲ್ಲದಿದ್ದರೆ 80 ಹರ್ಟ್ಸ್‌ನ ಲೋ ಕಟ್ (ಅದಕ್ಕಿಂತ ತಗ್ಗಿನ ಸದ್ದನ್ನು ಕತ್ತರಿಸುವ ಸೌಲಭ್ಯ) ಹಾಕಿ. ಬೇಸ್ ಗಿಟಾರ್ ಇದ್ದರೆ ಹಾಕಬೇಡಿ, ಮನೆಯಲ್ಲಿ ಬೇಕಾದಷ್ಟೇ ಕತ್ತರಿಸಿಕೊಳ್ಳಬಹುದು. ಬಯಲಿನಲ್ಲಿ ಸ್ಪಂಜಿನ ಟೊಪ್ಪಿ ಸಾಲದು, ರೋಮದಂಥ ಹೊದಿಕೆಯೇ ಬೇಕು. ಗಾಳಿಯ ಹೊಡೆತ ಮೈಕಿನ ಪೊರೆಯನ್ನೇ ತಳ್ಳಿಹಿಡಿಯುತ್ತದೆ, ಅದನ್ನು ಲೋ ಕಟ್ ತಡೆಯಲಾರದು. ಮೊಬೈಲನ್ನು ರೆಕಾರ್ಡರ್ ಪಕ್ಕ ಇಡಬೇಡಿ.

48 ಕಿಲೋಹರ್ಟ್ಸ್, 24 ಬಿಟ್, ಸ್ಟಿರಿಯೊ ಕಡತ ಗಂಟೆಗೆ ಸುಮಾರು ಒಂದು ಗಿಗಾಬೈಟ್ ತುಂಬುತ್ತದೆ. ಮೂರು ಗಂಟೆಯ ಕಾರ್ಯಕ್ರಮವೆಂದರೆ ಮೂರು ಗಿಗಾಬೈಟ್. ಕೆಲವು ಯಂತ್ರಗಳು 2 ಗಿಗಾಬೈಟಿಗೆ, ಕೆಲವು 4ಕ್ಕೆ ಹೊಸ ಕಡತ ಆರಂಭಿಸುತ್ತವೆ. ಆ ತಿರುವಿನಲ್ಲಿ ಧ್ವನಿ ಕಡಿಯದೆ ಮುಂದುವರಿಯುತ್ತದೆಯೇ ಎಂದು ಮನೆಯಲ್ಲೇ ಒಮ್ಮೆ ಓಡಿಸಿ ನೋಡಿಕೊಳ್ಳಿ. ಬ್ಯಾಟರಿ ಹೊಸದಿರಲಿ.

ಇನ್ನೊಂದನ್ನು ನನ್ನ ಅನುಭವದಿಂದ ಹೇಳಲೇಬೇಕು. ಹಲವು ರೆಕಾರ್ಡರ್‌ಗಳಲ್ಲಿ ಗುಂಡಿಯನ್ನು ಮೊದಲ ಸಲ ಒತ್ತಿದಾಗ ಕೆಂಪು ದೀಪ ಮಿನುಗುತ್ತದೆ, ಮೀಟರ್ ಕುಣಿಯುತ್ತದೆ, ಹೆಡ್‌ಫೋನ್‌ನಲ್ಲಿ ಧ್ವನಿಯೂ ಕೇಳುತ್ತದೆ. ಆದರೆ ಅದು ಬರೀ ಕಾಯುವ ಸ್ಥಿತಿ. ಎರಡನೆಯ ಸಲ ಒತ್ತಿದಾಗಲೇ ಮುದ್ರಣ ಶುರು. ಹಿರಿಯ ವಾದಕರೊಬ್ಬರ ಕಛೇರಿಯ ಮೊದಲ ನಲವತ್ತು ನಿಮಿಷಗಳನ್ನು ನಾನು ಹೀಗೆ ಕಳೆದುಕೊಂಡೆ. ಅವರು ಮತ್ತೆ ಆ ರಚನೆಯನ್ನು ನನ್ನೆದುರು ನುಡಿಸಲಿಲ್ಲ. ಅಂದಿನಿಂದ ನಾನು ದೀಪವನ್ನು ನಂಬುವುದಿಲ್ಲ, ಸೆಕೆಂಡುಗಳ ಅಂಕಿ ಓಡುತ್ತಿದೆಯೇ ಎಂದು ನೋಡುತ್ತೇನೆ, ಆಮೇಲೆ ಗುಂಡಿಗಳಿಗೆ ಬೀಗ ಹಾಕುತ್ತೇನೆ.

ಹೆಡ್‌ಫೋನ್‌ ಅನ್ನೂ ಅಬ್ಬರದ ಸಭಾಂಗಣದಲ್ಲಿ ನಂಬಬೇಡಿ. ಹೊರಗಿನ ಸದ್ದು ತಲೆಬುರುಡೆಯ ಮೂಲಕವೇ ಒಳಗೆ ಬರುತ್ತಿರುವಾಗ ಒಡಕು ಗೊತ್ತಾಗುವುದಿಲ್ಲ. ತಾಲೀಮಿನ ಒಂದು ನಿಮಿಷ ಮುದ್ರಿಸಿ, ಹೊರಗೆ ಮೌನವಿರುವಲ್ಲಿಗೆ ಹೋಗಿ ಕೇಳಿ. ಈ ಒಂದು ನಡಿಗೆ ಮಾಡಿದ್ದರೆ ನಿಮ್ಮ ಎರಡು ವರ್ಷಗಳ ಒಡಕು ಮೊದಲ ದಿನವೇ ಗೊತ್ತಾಗುತ್ತಿತ್ತು.

ಈಗ ಕೊಳ್ಳುವ ಮಾತಿಗೆ ಬರೋಣ. ಮೊದಲು ಎತ್ತರದ, ಗಟ್ಟಿಯಾದ ಸ್ಟ್ಯಾಂಡ್. ಅದರ ಮೇಲೆ ಕಂಪನ ತಡೆಯುವ ರಬ್ಬರಿನ ಹಿಡಿಕೆ. ಬಯಲಿನಲ್ಲೂ ಮುದ್ರಿಸುವಿರಾದರೆ ರೋಮದ ಹೊದಿಕೆ. ಅಷ್ಟನ್ನು ಇಟ್ಟುಕೊಂಡು ಮುಂದಿನ ಮೂರು ಕಾರ್ಯಕ್ರಮ ಮುದ್ರಿಸಿ. ಅಬ್ಬರದ್ದಕ್ಕೆ ‘ಲೋ’, ಮೆಲುದನಿಯದ್ದಕ್ಕೆ ‘ಹೈ’ ಮತ್ತು ಒಂದೂವರೆಯಿಂದ ಮೂರು ಮೀಟರ್. ಆಮೇಲೂ ಮೆಲುದನಿಯ ಹಾಡಿನ ಹಿಂದೆ ಸುಯ್ ಸದ್ದು ಉಳಿದಿದ್ದರೆ, ಅದು ಫ್ಯಾನಿನದ್ದಲ್ಲ ಎಂದು ಖಾತ್ರಿಯಾಗಿದ್ದರೆ, ಆಗ ಸ್ವಂತ ಸದ್ದು 15 ಡೆಸಿಬೆಲ್‌ಗಿಂತ ಕಡಿಮೆಯಿರುವ ಕಾರ್ಡಿಯಾಯ್ಡ್ ಕಂಡೆನ್ಸರ್ ಜೋಡಿಯನ್ನು ನೋಡಬಹುದು. ಅದಕ್ಕೆ 48 ವೋಲ್ಟ್ ಫ್ಯಾಂಟಮ್ ಕೊಡುವ ರೆಕಾರ್ಡರ್ ಬೇಕು, ನಿಮ್ಮದರಲ್ಲಿ ಆ ಸೌಲಭ್ಯ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಆ ಮೂರು ಕಡತಗಳಲ್ಲಿ ಯಾವುದಾದರೂ ಮತ್ತೆ ಒಡೆದಿದ್ದರೆ ಒಡೆದ ಜಾಗದ ಹತ್ತು ಸೆಕೆಂಡನ್ನು ಕತ್ತರಿಸಿ, ಮೈಕ್ ಎಲ್ಲಿತ್ತು, ಸಂವೇದನೆಯ ಗುಂಡಿ ಯಾವ ಸ್ಥಾನದಲ್ಲಿತ್ತು ಎಂಬುದರೊಂದಿಗೆ ಕಳುಹಿಸಿ. ಅಲೆಯ ನೆತ್ತಿಯನ್ನು ನೋಡಿದರೆ ಎಲ್ಲಿ ಒಡೆಯಿತೆಂದು ಹೇಳಬಲ್ಲೆ.